ಅಂಬಟೆಮಾರು ಬೀಡಿನ ಚರಿತ್ರೆ ಬರೆದ ಶುಕೂರ್ ಮಾಸ್ಟ್ರು

ಅಬ್ದುಲ್ ಶುಕೂರ್ ಮಾಸ್ಟ್ರು ಯಾರ ಮುಂದೆಯೂ ಪೆನ್ನು ತೆಗೆಯುತ್ತಿರಲಿಲ್ಲ. ಅದು ಅವರ ಪದ್ಧತಿ. ಒಂದು ಕಾಲದಲ್ಲಿ ನಾಲ್ಕಾರು ಊರು ಆಳಿದ ಜೈನ ಬಲ್ಲಾಳರ ಮನೆಗಳಿಗೆ ಆ ಕಡೆ ಬೀಡು ಅನ್ನುತ್ತಾರೆ. ಅಂಥ ಬೀಡುಗಳ ಜಗಲಿಯಲ್ಲಿ ಕುಳಿತು ಹಳೆಯ ಸಂಗತಿ ಕೇಳುವಾಗ ಅವರ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಪೆನ್ನು ಕಂಡ ಕೂಡಲೇ ಜನ ತುಳು ಬಿಟ್ಟು ಕನ್ನಡಕ್ಕೆ ಬರುತ್ತಾರೆ, ಕನ್ನಡಕ್ಕೆ ಬಂದ ಕೂಡಲೇ ಭಾಷಣ ಶುರು ಮಾಡುತ್ತಾರೆ ಎಂಬುದು ಅವರು ಅನುಭವದಿಂದ ಕಲಿತ ಪಾಠ. ಆದ್ದರಿಂದ ಎಲ್ಲ ಕೇಳಿಸಿಕೊಂಡು, ಗುರುವಾಯನಕೆರೆಯ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು. ಬಸ್ಸು ಹಾರಿದಲ್ಲಿ ಅಕ್ಷರವೂ ಹಾರುತ್ತಿತ್ತು.

"ನಿಮ್ಮ ಅಕ್ಷರ ನೋಡಿದ್ರೆ ಸಾಕು, ಯಾವ ರೂಟಿನ ಬಸ್ಸು ಅಂತ ಹೇಳ್ತೇನೆ ನಾನು" ಎಂದು ಹೆಂಡತಿ ಬೀಫಾತಿಮಾ ನಗುತ್ತಿದ್ದಳು. "ಇದು ವೇಣೂರಿನದ್ದು. ಇಷ್ಟು ಹೊಂಡ ಬೇರೆ ಎಲ್ಲಿ ಉಂಟು?"

ಶುಕೂರ್ ಬಂಟ್ವಾಳ ಪೇಟೆಯಲ್ಲಿ ಹುಟ್ಟಿದವರು. ತಂದೆ ಮೂಸಬ್ಬರಿಗೆ ನೇತ್ರಾವತಿಯ ದಡದಲ್ಲಿ ತೆಂಗಿನ ನಾರಿನ ಹಗ್ಗದ ಅಂಗಡಿ. ಒಮ್ಮೆ ಹಗ್ಗದ ಸಿಂಬೆಗಳನ್ನು ಗಾಡಿಯಲ್ಲಿ ಹೇರಿಕೊಂಡು ತಂದೆಯ ಜೊತೆ ವೇಣೂರಿಗೆ ಹೋದಾಗ, ಹುಡುಗ ಶುಕೂರ್ ಅಲ್ಲಿಯ ಗೊಮ್ಮಟನನ್ನು ತಲೆಯೆತ್ತಿ ನೋಡಿ ಕೇಳಿದ್ದ: "ಇದನ್ನು ಮಾಡಿಸಿದವರೆಲ್ಲ ಎಲ್ಲಿ ಹೋದರು ಬಾಪ?"

"ಎಲ್ಲಿಗೂ ಹೋಗಲಿಲ್ಲ. ನಮ್ಮ ಅಂಗಡಿಗೆ ಹಗ್ಗಕ್ಕೆ ಬರ್ತಾರಲ್ಲ, ಅವರೇ."

ಆ ಉತ್ತರ ಅವರನ್ನು ಹಿಡಿದು ಕೂರಿಸಿತು. ಆಳಿದವರ ಮೊಮ್ಮಕ್ಕಳು ಹಗ್ಗದ ಕ್ರಯ ಕೇಳುವ ಹೊತ್ತಿಗೆ ನಡುವೆ ಏನೇನು ಆಗಿಹೋಗಿರಬೇಕು! ಗುರುವಾಯನಕೆರೆಯ ಹೈಸ್ಕೂಲಿನಲ್ಲಿ ಚರಿತ್ರೆಯ ಮಾಸ್ಟ್ರಾದ ಮೇಲೆ, ಆದಿತ್ಯವಾರಗಳನ್ನೆಲ್ಲ ಅವರು ಈ ನಡುವಿನ ಕಾಲಕ್ಕೇ ಕೊಟ್ಟುಬಿಟ್ಟರು.

ಯಾರಿಗೂ ಅದು ಅರ್ಥವಾಗಲಿಲ್ಲ. ಮಸೀದಿಯ ಮೆಟ್ಟಿಲಲ್ಲಿ ಕೇಳುತ್ತಿದ್ದರು: "ನಮ್ಮವರ ಬಗ್ಗೆ ಬರೆಯಲಿಕ್ಕೆ ಎಂತದೂ ಇಲ್ವಾ ಮಾಸ್ಟ್ರೇ?" ಜಗಲಿಗಳಲ್ಲಿ ಕೇಳುತ್ತಿದ್ದರು: "ನಮ್ಮ ಚರಿತ್ರೆ ನಿಮಗೆ ಯಾಕೆ ಮಾರಾಯ್ರೆ?" ಪ್ರಶ್ನೆ ಒಂದೇ, ಬಾಗಿಲು ಎರಡು. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಂ.ಎ. ಮುಗಿಸಿ ಒಂದು ಕಾಲೇಜಿನ ಸಂದರ್ಶನಕ್ಕೆ ಹೋದಾಗಲೂ ಅದನ್ನೇ ಕೇಳಿದರು. "ನಮ್ಮ ಊರಿನ ಚರಿತ್ರೆ ಸರ್. ನಾನೂ ಅದೇ ಊರಿನವ" ಎಂದು ಇವರು ಹೇಳಿದರು. ಕೆಲಸ ಬೇರೆಯವರಿಗೆ ಆಯಿತು. ತಮ್ಮ ಶರೀಫ್ ದುಬೈಯಿಂದ ಪತ್ರ ಹಾಕಿದ: "ಅಣ್ಣ, ವೀಸಾ ಕಳಿಸ್ತೇನೆ. ಇಲ್ಲಿ ಸತ್ತ ಬಲ್ಲಾಳರು ಯಾರೂ ಇಲ್ಲ, ಎಲ್ಲ ಬದುಕಿರುವ ಶೇಖ್‌ಗಳೇ." ಶುಕೂರ್ ನಕ್ಕು, ಮುಂದಿನ ಆದಿತ್ಯವಾರ ಮತ್ತೆ ವೇಣೂರಿನ ಬಸ್ಸು ಹತ್ತಿದರು.

ವೇಣೂರಿನಿಂದಾಚೆ, ಫಲ್ಗುಣಿ ಹೊಳೆಯ ದಡದಲ್ಲಿ ಅಂಬಟೆಮಾರು ಬೀಡು ಇತ್ತು. ಅದರ ಯಜಮಾನಿ ಜಿನಮತಿ ಬಲ್ಲಾಳ್ತಿ. ಕುಂಪಣಿ ಸರಕಾರದ ಕಾಲದಲ್ಲಿ ಆ ಮನೆಯ ಕೊನೆಯ ಬಲ್ಲಾಳನನ್ನು ದಂಡು ಬಂದು ಹಿಡಿದುಕೊಂಡು ಹೋದ ಕಥೆಯನ್ನು ಆಕೆ ಮನೆಯೊಳಗಿನ ಸಂಗತಿಯಂತೆ, ನಿನ್ನೆ ನಡೆದಂತೆ ಹೇಳುತ್ತಿದ್ದರು. ಅವರಲ್ಲಿ ಮನೆತನ ಮುಂದುವರಿಯುವುದು ಹೆಣ್ಣಿನ ಕಡೆಯಿಂದ; ಅಕ್ಕತಂಗಿಯರ ಮಕ್ಕಳೇ ವಾರಸುದಾರರು. ಹಾಗಾಗಿ ಬಲ್ಲಾಳ ಹೋದರೂ ಅವನ ತಂಗಿ ಉಳಿದರೆ ಬೀಡು ಉಳಿದಂತೆ. ಆ ಸಂಜೆ ತಂಗಿ ತೊಟ್ಟಿಲ ಮಗುವನ್ನು ಎತ್ತಿಕೊಂಡು ಹೊಳೆಬದಿಯ ಬಾಗಿಲಿನಿಂದ ಹೊರಬಿದ್ದಳು. ತುಂಬಿದ ಹೊಳೆಯನ್ನು ಮನೆಯ ದೈವವೇ ದಾಟಿಸಿತು.

"ಗುರುವಾರ ಸಂಜೆ" ಎಂದಿದ್ದರು ಬಲ್ಲಾಳ್ತಿ. "ಇವತ್ತಿಗೂ ಗುರುವಾರ ಸಂಜೆ ಆ ಬಾಗಿಲಿಗೆ ನಾವು ಅಗುಳಿ ಹಾಕುವುದಿಲ್ಲ."

ಇಂಥ ಹತ್ತಾರು ಮನೆಗಳ ಕಥೆ ಬರೆದಿಟ್ಟ ಕಟ್ಟುಗಳನ್ನೆಲ್ಲ ಶುಕೂರ್ ತಂದೆಯ ಅಂಗಡಿಯ ಅಟ್ಟದಲ್ಲಿ ಇಟ್ಟಿದ್ದರು. ಬಾಡಿಗೆ ಮನೆಯಲ್ಲಿ ಅಷ್ಟು ಜಾಗ ಇರಲಿಲ್ಲ. ಎಪ್ಪತ್ತನಾಲ್ಕರ ನೆರೆ ಬಂದಾಗ ನೇತ್ರಾವತಿ ಬಂಟ್ವಾಳ ಪೇಟೆಯೊಳಗೇ ಹರಿಯಿತು. ಶುಕೂರ್ ಓಡಿ ಬಂದಾಗ ಅಂಗಡಿಯ ಹಂಚು ಮಾತ್ರ ಕಾಣುತ್ತಿತ್ತು. ಪಕ್ಕದ ಮಾಳಿಗೆಯ ಮೇಲೆ ನಡುಗುತ್ತ ನಿಂತಿದ್ದ ತಂದೆಯನ್ನು ಮುದುಕನೊಬ್ಬ ದೋಣಿಯಲ್ಲಿ ಇಳಿಸಿ ತಂದ. ಅವನು ಉಮ್ಮರ್. ಫಲ್ಗುಣಿಯಲ್ಲಿ ಜನರನ್ನು ದಾಟಿಸುವ ಕಡವಿನ ದೋಣಿ ನಡೆಸುತ್ತಿದ್ದವನು. ಸೇತುವೆ ಆದ ಮೇಲೆ ಕೆಲಸವಿಲ್ಲದೆ ಬಂಟ್ವಾಳದ ಮಗಳ ಮನೆ ಸೇರಿದ್ದ. ಊರೆಲ್ಲ ಅವನನ್ನು ಉಮ್ಮರಾಕ ಎನ್ನುತ್ತಿತ್ತು.

ಹಂಚಿನ ಕಡೆಗೇ ನೋಡುತ್ತಿದ್ದ ಶುಕೂರರನ್ನು ಕಂಡು ಉಮ್ಮರಾಕ ಕೇಳಿದ: "ಎಂತ ಮಾಸ್ಟ್ರೇ, ಬಂಗಾರ ಇತ್ತಾ ಒಳಗೆ?"

"ಕಾಗದ ಇತ್ತು. ಬೀಡುಗಳ ಕಥೆ. ಅಂಬಟೆಮಾರಿನದ್ದು, ಮತ್ತೆ ಬೇರೆಯದ್ದೆಲ್ಲ."

"ಅಂಬಟೆಮಾರಿನದ್ದಾ?" ಮುದುಕ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಅದಕ್ಕೆ ಕಾಗದ ಯಾಕೆ? ಆ ಮನೆಯ ಹೆಂಗಸನ್ನು, ಮಗುವನ್ನು ದಾಟಿಸಿದ್ದೇ ನಮ್ಮ ಅಜ್ಜಂದಿರಲ್ವಾ."

ನೀರಿನ ನಡುವೆ, ಚಳಿಗೆ ನಡುಗುವ ತಂದೆಯನ್ನು ತಬ್ಬಿಕೊಂಡು, ಶುಕೂರ್ ಆ ಮಾತನ್ನು ಕೇಳಿದರು. ಅಲ್ಲಿಯವರೆಗೆ ಅವರು ಜಗಲಿಗಳಲ್ಲಿ ಮಾತ್ರ ಕುಳಿತಿದ್ದರು. ಹೊಳೆದಂಡೆಯಲ್ಲಿ ಯಾರನ್ನೂ ಕೇಳಿರಲಿಲ್ಲ.

ನೆರೆ ಇಳಿಯಿತು. ಅಟ್ಟದಲ್ಲಿ ಕೆಸರು ಸಿಕ್ಕಿತು, ಕಾಗದ ಸಿಗಲಿಲ್ಲ. ಎರಡು ಆದಿತ್ಯವಾರ ಬೀಫಾತಿಮಾ ಗಂಡನನ್ನು ಮನೆಯಲ್ಲೇ ಕೂರಲು ಬಿಟ್ಟಳು. ಆಮೇಲೆ ಒಂದು ಬೆಳಿಗ್ಗೆ ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತ ಹೇಳಿದಳು: "ಇವತ್ತು ಆದಿತ್ಯವಾರ. ಬಸ್ಸು ತಪ್ಪಿ ಹೋಗ್ತದೆ."

ಮತ್ತೆ ಅದೇ ಜಗಲಿಗಳು, ಅದೇ ಕಥೆಗಳು. "ಒಮ್ಮೆ ಹೇಳಿದ್ದೇನಲ್ಲ, ಮರೆತು ಹೋಯ್ತಾ?" ಎಂದು ಕೆಲವರು ಗದರಿದರು. ಎರಡನೆಯ ಸಲ ಹೇಳುವಾಗ ಕಥೆಗಳು ಸ್ವಲ್ಪ ಸ್ವಲ್ಪ ಬೇರೆಯಾಗಿ ಬಂದವು. ಅದನ್ನೂ ಅವರು ಬರೆದುಕೊಂಡರು. ಈ ಸಲ ದೋಣಿಯವರ ಮನೆಗಳಿಗೂ ಹೋದರು. ಉಮ್ಮರಾಕ ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆಯಲ್ಲಿ, ಬೀಡಿ ಸೇದುತ್ತ, ಎಲ್ಲ ಹೇಳಿದ. ಶುಕ್ರವಾರ ರಾತ್ರಿ ದಾಟಿಸಿದ್ದು. ತಲೆಗೆ ಸೆರಗು ಹೊದ್ದ ಹೆಂಗಸು ದಡಕ್ಕಿಳಿದು ಕೈಯಿಂದ ಬಳೆ ಕಳಚಿ ಕೊಟ್ಟಳು. ಅಜ್ಜ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆ ಕಡವಿನಲ್ಲಿ ಶುಕ್ರವಾರ ರಾತ್ರಿ ದಾಟಿದವರಿಂದ ಕೂಲಿ ಮುಟ್ಟುವ ಕ್ರಮವಿಲ್ಲ, ಹಿಂದೂವಾಗಲಿ ಮುಸ್ಲಿಮನಾಗಲಿ.

"ಆ ಅಜ್ಜನ ಹೆಸರು ಎಂತದು ಉಮ್ಮರಾಕ?"

"ಅದು ಯಾರಿಗೆ ಗೊತ್ತು? ದೋಣಿಯವನ ಹೆಸರು ಯಾರು ಕೇಳ್ತಾರೆ? ಕೂಗುವುದೇ 'ಓ ದೋಣಿ' ಅಂತ."

ವರ್ಷಗಳು ಹೋದವು. ಉಮ್ಮರಾಕ ತೀರಿಕೊಂಡ. ಎಂಬತ್ತೈದರ ಕೊನೆಗೆ, ಆ ಎಲ್ಲ ಬೀಡುಗಳಲ್ಲಿ ಅಂಬಟೆಮಾರಿನದ್ದನ್ನೇ ನಡುವಿಗಿಟ್ಟುಕೊಂಡ ಪುಸ್ತಕ ಮುಗಿಯಿತು. ಗುರುವಾರವೋ ಶುಕ್ರವಾರವೋ ಎಂಬಲ್ಲಿ ಮಾತ್ರ ಮಾಸ್ಟ್ರು ಬಹಳ ಯೋಚಿಸಿದ್ದರು. ಕೊನೆಗೆ ಕಡವಿನವರ ಮಾತನ್ನು ಒಪ್ಪಿಕೊಂಡು, 'ಬೀಡಿನ ನೆನಪು ಒಂದು ದಿನ ಹಿಂದೆ ಸರಿದಿರಬೇಕು' ಎಂದು ಬರೆದರು. ಶಾಲೆಯ ಮೇಜಿನ ಮುಂದೆ, ಗೋಡೆಯ ಕ್ಯಾಲೆಂಡರಿನ ಕೆಳಗೆ ಕುಳಿತು ಬರೆದ ವಾಕ್ಯ ಅದು.

ಮೂಡಬಿದಿರೆಯಲ್ಲಿ ಹಳೆಯ ಮನೆತನಗಳ ಚರಿತ್ರೆಯನ್ನು ಅಚ್ಚು ಹಾಕಿಸಲು ಒಂದು ಸಮಿತಿ ಇತ್ತು. ಅದರ ಕಾರ್ಯದರ್ಶಿ ವಕೀಲ ನೇಮಿರಾಜ ಹೆಗ್ಡೆ. ಒಳ್ಳೆಯ ಓದುಗ, ಮಾತಿನಲ್ಲಿ ನಯ. ಹಸ್ತಪ್ರತಿಯನ್ನು ಮೂರು ತಿಂಗಳು ಇಟ್ಟುಕೊಂಡು ಕರೆಸಿದರು.

"ಮಾಸ್ಟ್ರೇ, ಪುಸ್ತಕ ಚಿನ್ನದ ಹಾಗೆ ಉಂಟು. ಎರಡೇ ವಿಷಯ." ಹೆಗ್ಡೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು, ಆ ದೋಣಿ. ಬ್ಯಾರಿ ದಾಟಿಸಿದ ಅಂತ ಬ್ಯಾರಿಯೇ ಬರೆದರೆ ಜನ ಎಂತ ಹೇಳ್ತಾರೆ? ನಿಮ್ಮ ಸಂಬಂಧಿಕನಾ ಅಂತ ಕೇಳ್ತಾರೆ."

"ಅಲ್ಲ. ನಮಗೂ ಅವರಿಗೂ ಮದುವೆಯ ಸಂಬಂಧ ಕೂಡ ಇಲ್ಲ."

"ಅದು ನಿಮಗೆ ಗೊತ್ತು. ಅದರಲ್ಲೇ ಇನ್ನೊಂದು ತೊಡಕು ಉಂಟಲ್ಲ, ಬೀಡಿನವರು ಹೇಳುವ ದಿನವೇ ಬೇರೆ, ನಿಮ್ಮ ದೋಣಿಯ ದಿನವೇ ಬೇರೆ. ಕೋರ್ಟಿನಲ್ಲಿ ಇಂಥ ಸಾಕ್ಷಿ ನಿಲ್ಲುವುದಿಲ್ಲ."

"ಎರಡನೆಯದು?"

ಹೆಗ್ಡೆ ಹಸ್ತಪ್ರತಿಯ ಮೊದಲ ಪುಟಕ್ಕೆ ಬಂದರು. "ಹೆಸರು. ಸಂಪಾದಕ ಅಂತ ಸಮಿತಿಯ ಪರವಾಗಿ ನನ್ನ ಹೆಸರು ಹಾಕುವ. ಒಳಗೆ, ಸಾಮಗ್ರಿ ಸಂಗ್ರಹ ಅಂತ ನಿಮ್ಮದು. ಪುಸ್ತಕಕ್ಕೆ ಒಳ್ಳೆಯದಾಗಲಿ ಅಂತ ಹೇಳುವುದು. ಜನ ಮುಖಪುಟ ನೋಡಿಯೇ ಕೆಳಗೆ ಇಟ್ಟುಬಿಟ್ಟರೆ ನಿಮ್ಮ ಇಷ್ಟು ವರ್ಷದ ಕೆಲಸ ಹಾಳಲ್ವಾ?"

ಶುಕೂರ್ ಆಲೋಚಿಸುತ್ತೇನೆಂದು ಎದ್ದರು. ಎರಡನೆಯ ವಿಷಯಕ್ಕೆ ಉತ್ತರ ಅವರಲ್ಲಿ ಆಗಲೇ ಸಿದ್ಧವಿತ್ತು. ಅವರನ್ನು ಕೊರೆದದ್ದು ಮೊದಲನೆಯದು. ಹೆಗ್ಡೆ ಹೇಳಿದ್ದರಲ್ಲಿ ನ್ಯಾಯವಿತ್ತು. ನೂರಾರು ಸಾಕ್ಷಿಗಳನ್ನು ತೂಗಿ ನೋಡಿದ ತಾನು, ಈ ಒಂದು ಕಡೆ ತನ್ನವರ ಮಾತೆಂದು ತಕ್ಕಡಿಯನ್ನು ಬಾಗಿಸಿದೆನೇ? ಹಾಗಾಗಿದ್ದರೆ ತನ್ನ ಹೆಸರು ಮುಖಪುಟದ ಮೇಲೆ ಇರತಕ್ಕದ್ದೇ ಅಲ್ಲ.

ಅಷ್ಟರಲ್ಲಿ ಅಂಬಟೆಮಾರಿನಿಂದ ಕರೆ ಬಂತು. ಬೀಡಿನ ನೆನಪೇ ತಪ್ಪು ಎಂದು ಮಾಸ್ಟ್ರು ಬರೆದಿದ್ದಾರೆಂಬ ಸುದ್ದಿ ಬಲ್ಲಾಳ್ತಿಯ ಕಿವಿಗೆ ಬಿದ್ದಿತ್ತು. ಮುಂದಿನ ಗುರುವಾರ ಬರಬೇಕಂತೆ. ಬರೆದದ್ದನ್ನು ಮುಖ ನೋಡಿ ಹೇಳಬೇಕಂತೆ.

ಎಂಬತ್ತಾರರ ಮೇ ತಿಂಗಳು. ಶಾಲೆಗೆ ರಜೆ. ರಂಜಾನ್ ತಿಂಗಳೂ ಆಗಲೇ ಬಂದಿತ್ತು. ಬಿಸಿಲಿನಲ್ಲಿ ಬಾಯಿ ಒಣಗಿಸಿಕೊಂಡು ಶುಕೂರ್ ಬೀಡಿಗೆ ತಲುಪಿದಾಗ ನೆರಳುಗಳು ಉದ್ದವಾಗಿದ್ದವು. ಬಲ್ಲಾಳ್ತಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ವಯಸ್ಸು ಎಂಬತ್ತರ ಹತ್ತಿರ. ದೃಷ್ಟಿ ಮಂದ, ಧ್ವನಿ ಮಂದವಲ್ಲ.

"ಬನ್ನಿ ಮಾಸ್ಟ್ರೇ. ಮೊದಲು ಏನಾದ್ರೂ ತಿನ್ನಿ. ಜಗಳ ಆಮೇಲೆ ಮಾಡುವ."

"ನೋಂಬು ಉಂಟಮ್ಮ. ಸೂರ್ಯ ಮುಳುಗದೆ ಏನನ್ನೂ ಮುಟ್ಟುವಂತಿಲ್ಲ."

"ಅಯ್ಯೋ, ಸೂರ್ಯ ಮುಳುಗಿದ್ರೆ ನಮ್ಮ ಒಲೆ ಉರಿಯುವುದಿಲ್ಲ! ಕತ್ತಲಾದ ಮೇಲೆ ತಿನ್ನುವುದೂ ಇಲ್ಲ, ಬಡಿಸುವುದೂ ಇಲ್ಲ." ಮುದುಕಿಗೆ ನಗು ಬಂತು. "ನಾವು ನಿಲ್ಲಿಸುವ ಹೊತ್ತಿಗೆ ನೀವು ಶುರು ಮಾಡುವುದು. ಈಗ ಎಂತ ಮಾಡುವ?"

ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ ಮನೆ ಅದಲ್ಲ. ಆಕೆ ಒಳಗೆ ಕೂಗಿ ಹೇಳಿದರು. ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ, ಬಾಳೆಹಣ್ಣು, ಬೆಲ್ಲದ ಪಾನಕ ತಂದು ಜಗಲಿಯ ತುದಿಯಲ್ಲಿಟ್ಟು, ಬಾಳೆಲೆ ಮುಚ್ಚಿದರು.

"ಬಿಸಿಲಿರುವಾಗ ನಾನು ಬಡಿಸಿ ಆಯ್ತು. ನೀವು ಯಾವಾಗ ತಿನ್ನುತ್ತೀರಿ ಅಂತ ನಾನು ನೋಡುವುದಿಲ್ಲ. ಹೇಗೂ ಕಣ್ಣು ಕಾಣುವುದಿಲ್ಲ." ಆಮೇಲೆ ಧ್ವನಿ ಗಡುಸಾಯಿತು. "ಈಗ ಹೇಳಿ. ನಮ್ಮ ನೆನಪು ತಪ್ಪು ಅಂತ ಬರೆದಿದ್ದೀರಂತೆ?"

ಮಾಸ್ಟ್ರು ತಲೆ ತಗ್ಗಿಸಲಿಲ್ಲ. ದೋಣಿಯವರ ಕಥೆಯನ್ನು ಮೊದಲಿನಿಂದ ಹೇಳಿದರು. ಬಳೆ ಕಳಚಿದ್ದು, ಅಜ್ಜ ಒಲ್ಲೆನೆಂದದ್ದು. ಕಡವಿನವರೆಲ್ಲರೂ ಶುಕ್ರವಾರ ರಾತ್ರಿ ಎಂದೇ ಹೇಳಿದ್ದು. ಬಲ್ಲಾಳ್ತಿ ಅಲುಗಾಡದೆ ಕೇಳಿದರು. ಹೊಳೆಯಾಚೆಯ ಗುಡ್ಡದ ಹಿಂದೆ ಸೂರ್ಯ ಇಳಿಯುತ್ತಿತ್ತು. ಒಳಗೆ ಯಾರೋ ಪಾತ್ರೆಗಳನ್ನು ತೊಳೆದು ಬೋರಲು ಹಾಕುತ್ತಿದ್ದರು. ಅವರ ದಿನ ಮುಗಿಯುತ್ತಿತ್ತು.

ಸೂರ್ಯ ಪೂರ್ತಿ ಮುಳುಗಿತು. ಶುಕೂರ್ ಬಾಳೆಲೆ ಸರಿಸಿ, ಬಿಸ್ಮಿಲ್ಲಾ ಎಂದು ಒಂದು ಗುಟುಕು ಪಾನಕ ಕುಡಿದರು. ತೀರಿಹೋದ ತಂದೆಯ ನೆನಪಾಯಿತು. ಇವತ್ತು ಮನೆಗೆ ಹೋಗಿ ಬಾಪನ ಹೆಸರಿನಲ್ಲಿ ಕುರಾನಿನ ಯಾಸೀನ್ ಅಧ್ಯಾಯ ಓದಬೇಕು, ಶುಕ್ರವಾರ ರಾತ್ರಿಯಲ್ಲವೇ ಎಂದುಕೊಂಡರು.

ಲೋಟ ಬಾಯಿಯ ಹತ್ತಿರವೇ ನಿಂತಿತು.

ಇವತ್ತು ಗುರುವಾರ. ಬೀಡಿನವರು ಕರೆದ ಗುರುವಾರ. ಆದರೆ ಸೂರ್ಯ ಮುಳುಗಿತಲ್ಲ. ಸೂರ್ಯ ಮುಳುಗಿದರೆ ತಮ್ಮ ಮನೆಯಲ್ಲಿ ಮರುದಿನ ಹುಟ್ಟಿತೆಂದೇ ಲೆಕ್ಕ. ತಾಯಿ, ಅಜ್ಜಿ, ಬೀಫಾತಿಮಾ, ಎಲ್ಲರೂ ಗುರುವಾರದ ಈ ಹೊತ್ತನ್ನು ಶುಕ್ರವಾರ ರಾತ್ರಿ ಎಂದೇ ಕರೆಯುವುದು. ಉಮ್ಮರಾಕನೂ ಹಾಗೆಯೇ ಕರೆದ. ಬಾಲ್ಯದಿಂದ ಹಾಗೆಯೇ ಕರೆದ ತಾವು, ಶಾಲೆಯ ಕ್ಯಾಲೆಂಡರಿನ ಕೆಳಗೆ ಕುಳಿತ ಕೂಡಲೇ ಮನೆಯ ಲೆಕ್ಕವನ್ನು ಮರೆತಿದ್ದರು.

"ಅಮ್ಮ, ತಪ್ಪು ನಿಮ್ಮ ನೆನಪಿನದ್ದಲ್ಲ" ಎಂದರು. "ಕಡವಿನವರದ್ದೂ ಅಲ್ಲ. ನನ್ನದು. ನೀವು ಗುರುವಾರ ಸಂಜೆ ಅನ್ನುವುದನ್ನೇ ನಾವು ಶುಕ್ರವಾರ ರಾತ್ರಿ ಅನ್ನುವುದು. ಈ ಹೊತ್ತು. ಈಗ ನಾವು ಕೂತಿದ್ದೇವಲ್ಲ, ಇದೇ ಹೊತ್ತು."

ಬಲ್ಲಾಳ್ತಿ ಹೊಳೆಯ ಕಡೆ ಮುಖ ತಿರುಗಿಸಿದರು. ತನಗೆ ತಾನೇ ಎಂಬಂತೆ ಹೇಳಿದರು: "ನಾನು ಚಿಕ್ಕವಳಿರುವಾಗ ಮೂಡಬಿದಿರೆಯ ಬಸದಿಗೆ ಹೋಗಿ ಬರುವಾಗ ಹೊತ್ತು ಮುಳುಗಿತ್ತು. ದೋಣಿಯವನಿಗೆ ಅಮ್ಮ ಕೂಲಿ ಕೊಡಲಿಕ್ಕೆ ಹೋದ್ರೆ ಕೈ ಹಿಂದೆ ಕಟ್ಟಿಕೊಂಡ. 'ಇವತ್ತು ಬೇಡ' ಅಂದ. ಬೀಡಿನವರು ಅಂತ ಮರ್ಯಾದೆ ಅಂದುಕೊಂಡೆವು. ದೋಣಿಯಲ್ಲಿ ನಮ್ಮ ಹಿಂದೆ ಒಬ್ಬ ಬುಟ್ಟಿ ಮಾರುವವ ಇದ್ದ. ಅವನಿಂದಲೂ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದಾಗ ಹೊಳೆಬಾಗಿಲು ತೆರೆದೇ ಇತ್ತು, ನಾವು ಅಲ್ಲಿಂದಲೇ ಒಳಗೆ ಬಂದದ್ದು."

ಗುರುವಾರ ಎಂದು ಆಕೆ ಹೇಳಬೇಕಾಗಿರಲಿಲ್ಲ. ಆ ಬಾಗಿಲು ಬೇರೆ ಯಾವ ಸಂಜೆಯೂ ತೆರೆದಿರುತ್ತಿರಲಿಲ್ಲ.

"ನಿಮ್ಮಲ್ಲಿ ದೈವ ದಾಟಿಸಿತು ಅಂತ ಉಂಟಲ್ಲಮ್ಮ" ಎಂದರು ಶುಕೂರ್, ಮೆಲ್ಲನೆ. "ಅದನ್ನೂ ಹಾಗೆಯೇ ಬರೆದಿದ್ದೇನೆ."

"ಬರೆಯಿರಿ. ದಾಟಿಸಿದ್ದು ದೈವವೇ." ಮುದುಕಿ ಸೆರಗು ಸರಿಪಡಿಸಿಕೊಂಡರು. "ಹುಟ್ಟು ಹಾಕಲಿಕ್ಕೆ ಒಬ್ಬ ಮನುಷ್ಯ ಬೇಡವಾ ಮಾರಾಯ್ರೆ, ತುಂಬಿದ ಹೊಳೆಯಲ್ಲಿ? ಅವನನ್ನೂ ಬರೆಯಿರಿ. ಯಾರಾದ್ರೂ ಕೇಳಿದ್ರೆ ನಾನು ಹೇಳಿದೆ ಅಂತ ಹೇಳಿ."

ಮರುವಾರ ಮಾಸ್ಟ್ರು ಮೂಡಬಿದಿರೆಗೆ ಹೋಗಿ, ತಿದ್ದಿದ ಪುಟಗಳನ್ನು ಹೆಗ್ಡೆಯವರ ಮೇಜಿನ ಮೇಲಿಟ್ಟರು. ಹೆಗ್ಡೆ ಓದಿದರು. ಮತ್ತೆ ಓದಿದರು. ಬಲ್ಲಾಳ್ತಿಯ ಮಾತು ಬಂದಲ್ಲಿ ಬೆರಳಿಟ್ಟು ನಿಂತರು.

"ಇದಕ್ಕೆ ನಾನು ಎದುರು ಹೇಳುವ ಹಾಗಿಲ್ಲ. ಎದುರುಕಡೆಯವರೇ ಬಂದು ಸಾಕ್ಷಿ ಹೇಳಿದ ಹಾಗಾಯ್ತು. ದೋಣಿ ಇರಲಿ."

"ಮತ್ತೆ ಹೆಸರು?"

"ಅದು ಸಮಿತಿಯಲ್ಲಿ ಆದ ತೀರ್ಮಾನ ಮಾಸ್ಟ್ರೇ. ನನ್ನ ಒಬ್ಬನ ಕೈಯಲ್ಲಿಲ್ಲ. ಬೇಕಾದರೆ ಒಂದು ಮಾಡುವ. 'ಎ. ಎಸ್. ಬಂಟ್ವಾಳ' ಅಂತ ಹಾಕುವ. ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳೂ ಅಲ್ಲ."

ಶುಕೂರರಿಗೆ ಸಿಟ್ಟು ಬರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಜಗಲಿಗಳ ಅಂಚಿನಲ್ಲಿ ಕುಳಿತು ಅವರು ಸಿಟ್ಟನ್ನು ಉಪಯೋಗಕ್ಕೆ ಬಾರದ ಸಾಮಾನಿನಂತೆ ಬದಿಗಿಟ್ಟಿದ್ದರು.

"ಹೆಗ್ಡೆಯವರೇ, ಆ ದೋಣಿಯವನ ಹೆಸರು ಎಷ್ಟು ಹುಡುಕಿದರೂ ನನಗೆ ಸಿಗಲಿಲ್ಲ. ಹುಡುಕುವ ಕಷ್ಟ ಎಷ್ಟು ಅಂತ ನನಗೆ ಗೊತ್ತುಂಟು. ಇನ್ನೊಬ್ಬ ನನ್ನ ಹೆಸರು ಹುಡುಕಿಕೊಂಡು ಅಲೆಯುವುದು ಬೇಡ."

"ಹಾಗಾದ್ರೆ ಸಮಿತಿಯಿಂದ ಅಚ್ಚಾಗುವುದಿಲ್ಲ."

"ಆಗಲಿ. ಪುಟಗಳನ್ನು ಕೊಡಿ."

ಹೆಗ್ಡೆ ಕಟ್ಟನ್ನು ಜೋಡಿಸಿ, ಅಂಚು ಸಮ ಮಾಡಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಬಾಗಿಲವರೆಗೆ ಬಂದರು ಕೂಡ.

ಬಂಟ್ವಾಳದಲ್ಲಿ ಮದುವೆಯ ಕಾಗದ, ರಶೀದಿ ಪುಸ್ತಕ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ ಇತ್ತು. ಅದರ ಮಾಲಿಕ ರುಕ್ಮಯ್ಯ ಅಷ್ಟು ದೊಡ್ಡ ಪುಸ್ತಕವನ್ನು ಜೀವಮಾನದಲ್ಲಿ ಮಾಡಿರಲಿಲ್ಲ. ಅಚ್ಚಿನ ಮೊಳೆ ಸಾಲದೆ, ಎಂಟು ಪುಟ ಜೋಡಿಸುವುದು, ಅಚ್ಚು ಹಾಕುವುದು, ಬಿಚ್ಚುವುದು, ಮತ್ತೆ ಎಂಟು ಪುಟ. ಮಾಸ್ಟ್ರು ಶಾಲೆ ಬಿಟ್ಟ ಮೇಲೆ ಬಸ್ಸಿನಲ್ಲಿ ಬಂದು ಪ್ರೂಫ್ ತಿದ್ದುತ್ತಿದ್ದರು. ಖರ್ಚಿಗೆಂದು ಬೀಫಾತಿಮಾ ಕಿವಿಯ ಅಲಿಕತ್ತುಗಳನ್ನು ಬಿಚ್ಚಿ ಕೊಟ್ಟಾಗ ಅವರು ಬೇಡವೆಂದರು. "ನಿಮಗೋಸ್ಕರ ಅಲ್ಲ" ಎಂದಳು ಅವಳು. "ಇಷ್ಟು ವರ್ಷ ಆದಿತ್ಯವಾರ ಒಬ್ಬಳೇ ಮನೆಯಲ್ಲಿ ಕೂತವಳು ನಾನು. ನನ್ನದೂ ಪಾಲುಂಟು ಇದರಲ್ಲಿ."

ಮುಖಪುಟಕ್ಕೆ ಹೆಸರು ಜೋಡಿಸುವಾಗ ರುಕ್ಮಯ್ಯ ಕೇಳಿದ: "ಎಷ್ಟು ದೊಡ್ಡ ಅಕ್ಷರ ಹಾಕುವ ಮಾಸ್ಟ್ರೇ?"

"ಕನ್ನಡಕ ಇಲ್ಲದವರಿಗೂ ಕಾಣಬೇಕು."

ಎಂಬತ್ತೇಳರಲ್ಲಿ 'ಅಂಬಟೆಮಾರು ಬೀಡಿನ ಚರಿತ್ರೆ' ಹೊರಬಂತು. ಸಮಾರಂಭ ಇರಲಿಲ್ಲ. ಬೆಳ್ತಂಗಡಿ, ಮೂಡಬಿದಿರೆಯ ಅಂಗಡಿಗಳಲ್ಲಿ ಮಾಸ್ಟ್ರು ತಾವೇ ಹೊತ್ತುಕೊಂಡು ಹೋಗಿ ಇಟ್ಟು ಬಂದರು. ಮೊದಲ ವರ್ಷ ನಿಧಾನವಾಗಿ ಖರ್ಚಾಯಿತು. ಮಸೀದಿಯ ಮೆಟ್ಟಿಲಲ್ಲಿ ಒಬ್ಬಿಬ್ಬರು, ಜಗಲಿಗಳಲ್ಲಿ ಒಬ್ಬಿಬ್ಬರು ಓದಿದರು.

ಮರುವರ್ಷ ಒಂದು ದಿನ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುವಾಗ ಯಾರೋ ಹೆಗಲು ಮುಟ್ಟಿದರು. ನೇಮಿರಾಜ ಹೆಗ್ಡೆ. ಬೆಳ್ತಂಗಡಿ ಕೋರ್ಟಿಗೆ ಹೋಗಿ ಬರುವವರು. ಕಂಕುಳಲ್ಲಿ ಕೇಸಿನ ಕಟ್ಟು, ಅದರ ಮೇಲೆ ಪುಸ್ತಕ.

"ಅಂಗಡಿಯಿಂದಲೇ ತೆಗೆದುಕೊಂಡೆ, ನಿಮ್ಮನ್ನು ಕೇಳಲಿಲ್ಲ" ಎಂದರು ಹೆಗ್ಡೆ, ನಗಲೋ ಬೇಡವೋ ಎಂಬಂತೆ. ಪುಸ್ತಕವನ್ನು ತೆರೆದು ಕೈಗೆ ಕೊಟ್ಟರು.

ಮೊದಲ ಪುಟದಲ್ಲಿ ರುಕ್ಮಯ್ಯನ ದೊಡ್ಡ ಮೊಳೆಗಳಲ್ಲಿ ಅಬ್ದುಲ್ ಶುಕೂರ್ ಎಂದಿತ್ತು. ಅದರ ಕೆಳಗೆ, ಕೊಂಡ ಪುಸ್ತಕದಲ್ಲಿ ಎಲ್ಲರೂ ಬರೆಯುವ ಹಾಗೆ, ನೀಲಿ ಶಾಯಿಯ ಅಚ್ಚುಕಟ್ಟಾದ ಅಕ್ಷರದಲ್ಲಿ ನೇಮಿರಾಜ ಹೆಗ್ಡೆ, ವಕೀಲರು, ಮೂಡಬಿದಿರೆ ಎಂದಿತ್ತು.

ಮಾಸ್ಟ್ರು ಎರಡೂ ಹೆಸರುಗಳನ್ನು ಓದಿದರು.

"ಈ ಸಲ ಎಲ್ಲಿಯವರೆಗೆ ಓದಿ ಆಯ್ತು?" ಎಂದು ಕೇಳಿದರು.

"ದೋಣಿ ಇನ್ನೂ ನಡುಹೊಳೆಯಲ್ಲಿ ಉಂಟು" ಎಂದರು ಹೆಗ್ಡೆ. "ಬಸ್ಸು ಬಂತು, ಹತ್ತಿ. ಉಳಿದದ್ದನ್ನು ಒಳಗೆ ಕೂತು ಓದ್ತೇನೆ."